ಎರಡು ಹಾಜರಿ ಪುಸ್ತಕ

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಶಾಲೆ ತಪಾಸಣೆಗೆಂದು ಕುರುಗೋಡಿನ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಯಾವ ಭಾಷೆಯ ವಿಭಾಗದಲ್ಲಿ ಇಪ್ಪತ್ತು ಮಕ್ಕಳಿಲ್ಲವೋ ಅದನ್ನು ಮುಚ್ಚಿಸಬೇಕು, ಇದು ನನಗಿದ್ದ ಅಪ್ಪಣೆ.

ಅಲ್ಲಿದ್ದದ್ದು ಒಂದೇ ಕೋಣೆ, ಒಬ್ಬರೇ ಮಾಸ್ತರು, ಇಪ್ಪತ್ಮೂರು ಮಕ್ಕಳು. ಹಾಜರಿ ಪುಸ್ತಕ ಮಾತ್ರ ಎರಡು, ಕನ್ನಡಕ್ಕೊಂದು, ತೆಲುಗಿಗೊಂದು. ತೆರೆದು ನೋಡಿದರೆ ಎರಡರಲ್ಲೂ ಅವೇ ಹೆಸರುಗಳು.

“ಇವರಲ್ಲಿ ಕನ್ನಡದವರು ಯಾರು?” ಎಂದೆ, ಸ್ವಲ್ಪ ಗಡುಸಾಗಿಯೇ.

“ಈಗ ಎಲ್ಲಾರೂ ಕನ್ನಡದವ್ರರಿ. ಉಂಡು ಬಂದಮ್ಯಾಲ ಎಲ್ಲಾರೂ ತೆಲುಗಿನವ್ರು,” ಎಂದರು ಮಾಸ್ತರು.

“ಒಂದು ಮಗುವಿಗೆ ಒಂದೇ ಭಾಷೆ ಅಂತ ರೂಲಿದೆ, ಮಾಸ್ತರೇ.”

“ಹಂಗ ಹಂಚಿದ್ರ ಎರಡೂ ಮುಚ್ಚತಾವ್ರಿ. ಅರ್ಧ ಮಕ್ಕಳ ಮನ್ಯಾಗ ಕನ್ನಡ, ಇನ್ನರ್ಧ ಮಕ್ಕಳ ಮನ್ಯಾಗ ತೆಲುಗು. ಓಣ್ಯಾಗ ಆಡೂದು ಕೂಡೇ. ಇರ್ಲಿ, ನೀವು ಮನ್ಯಾಗ ಏನು ಮಾತಾಡ್ತೀರಿ ಸಾಹೇಬ್ರ?”

“ತಾಯಿ ಜೊತೆ ತೆಲುಗು, ಹೆಂಡತಿ ಜೊತೆ ಕನ್ನಡ.”

“ಹಂಗಾರ ನಿಮ್ಮನ್ನ ಯಾವ ಪುಸ್ತಕದಾಗ ಬರೀಲಿ?”

ನಾನು ಕನ್ನಡದ ಮಕ್ಕಳನ್ನು ಎಣಿಸಿದೆ. ಇಪ್ಪತ್ಮೂರು. ಮಾಸ್ತರ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಮತ್ತೆ ಶಾಲೆಗೆ ಬಂದೆ. ಬೆಳಿಗ್ಗೆ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿದ್ದ ಹುಡುಗಿಯೇ ಈಗ ಅಷ್ಟೇ ಗಟ್ಟಿಯಾಗಿ ತೆಲುಗು ಓದುತ್ತಿದ್ದಳು. ತೆಲುಗಿನ ಮಕ್ಕಳನ್ನೂ ಎಣಿಸಿದೆ. ಅವರೂ ಇಪ್ಪತ್ಮೂರೇ. ಎರಡನ್ನೂ ಬರೆದು ರುಜು ಹಾಕಿದೆ.

ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ಎಣಿಕೆಯ ನಡುವೆ ನಾನು ಉಂಡದ್ದನ್ನು ಮಾತ್ರ ಬರೆಯಲಿಲ್ಲ. ಫಾರಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.