ಅಪ್ಪ ಬರೆದ ಜಾಲಿಮರ

ಅಪ್ಪ ಕುಡಿತ ಬಿಟ್ಟ ಏಳನೆಯ ತಿಂಗಳಲ್ಲಿ ನಾನು ಅವನನ್ನು ಚರ್ಚಾಸ್ಪರ್ಧೆಯಲ್ಲಿ ಸೋಲಿಸಿದೆ. ಅವನೇನೂ ಸ್ಪರ್ಧಿಯಾಗಿರಲಿಲ್ಲ. ಹೊಳಲ್ಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊನೆಯ ಬೆಂಚಿನಲ್ಲಿ ಕೂತು ಮಗಳ ಮಾತು ಕೇಳುತ್ತಿದ್ದ.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಮಕ್ಕಳಿಂದ ಮಗ್ಗಿ ಹೇಳಿಸುತ್ತಲೇ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದದ್ದನ್ನು ಇನ್ಸ್‌ಪೆಕ್ಟರು ಕಣ್ಣಾರೆ ಕಂಡ ಮೇಲೆ ಅಮಾನತಾಯಿತು. ಊರ ಹುಡುಗರು ‘ತೀರ್ಥದ ಮೇಷ್ಟ್ರು’ ಎಂದು ಹೆಸರಿಟ್ಟರು. ನಾನೂ ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತಿದ್ದೆ, ಹೆಸರು ಚೆನ್ನಾಗಿತ್ತು. ಚಿತ್ರದುರ್ಗದ ಕಚೇರಿಯಲ್ಲಿ ಸಾಹೇಬರು ಅವ್ವನ ಎದುರಿಗೇ ಹೇಳಿದ್ದರು: “ದಸರಾ ರಜ ಮುಗಿಯೋ ತನಕ ಇವರ ಬಾಯಿ ವಾಸನೆ ಬಂತು ಅಂತ ಒಬ್ಬನೂ ಹೇಳಬಾರದು. ಆಮೇಲೆ ಶಾಲೆಗೆ ಹೋಗಲಿ. ಒಬ್ಬ ಹೇಳಿದ್ರೂ ಮನೇಲೇ ಇರಲಿ.” ಅಂದಿನಿಂದ ನಮ್ಮ ಮನೆಯ ಅನ್ನ ಅಪ್ಪನ ಬಾಯಿಯ ವಾಸನೆಯ ಮೇಲೆ ನಿಂತಿತು.

ಅವ್ವ ಆ ಬಾಯಿಯನ್ನು ತಡೆಯಲು ಹಿಂದೊಮ್ಮೆ ಹೋಗಿದ್ದಳು. ನಾನಾಗ ಹೈಸ್ಕೂಲು. ಬಾಟಲಿ ಬಗ್ಗಿಸಿ ಬಚ್ಚಲಿಗೆ ಸುರಿಯಹೊರಟ ಅವಳ ಬಲಗೈಯನ್ನು ಅಪ್ಪ ಹಿಡಿದು ತಿರುಚಿದ. ಲಟಕ್ಕೆಂದ ಸದ್ದು ನನಗೂ ಕೇಳಿಸಿತು. ನಾನೇ ಅವಳನ್ನು ಬಾಗೂರಿನಲ್ಲಿ ಮೂಳೆ ಕಟ್ಟುವ ಅಜ್ಜನ ಹತ್ತಿರ ಕರೆದುಕೊಂಡು ಹೋದೆ. ಅಜ್ಜ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಬಳಿದು ಕಟ್ಟಿ, “ಮೂರು ವಾರ ಬಿಚ್ಚಬ್ಯಾಡ್ರವ್ವ” ಎಂದ. ಅವ್ವ ಒಂಬತ್ತನೇ ದಿನ ಬಿಚ್ಚಿದಳು. ಮುದ್ದೆ ತಿರುವುವವರು ಯಾರು? ಕೈ ಸೊಟ್ಟಗೇ ಕೂಡಿಕೊಂಡಿತು.

ಈಗ ಅಪ್ಪನನ್ನು ಹಿಡಿದಿಟ್ಟಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು. ಅವರೂ ಹಿಂದೆ ಕುಡಿದು ಕುಡಿದು ಹೆಂಡತಿಯನ್ನು ತವರಿಗೆ ಓಡಿಸಿದವರೇ. ದಿನಾ ಸಂಜೆ ಐದೂವರೆಗೆ, ಸಾರಾಯಿ ಅಂಗಡಿಯ ಮುಂದೆ ಜನ ಕೂಡುವ ಹೊತ್ತಿಗೆ ಸರಿಯಾಗಿ, ಅವರ ಮನೆಯ ಜಗುಲಿಯ ಮೇಲೆ ಮೂವರು ಬಂದು ಕೂರುತ್ತಿದ್ದರು: ಒಬ್ಬ ಲಾರಿ ಡ್ರೈವರು, ಒಬ್ಬ ದರ್ಜಿ, ಮತ್ತು ಅಪ್ಪ. ಹುಣಸೆ ಕಡ್ಡಿಯನ್ನು ಡಬ್ಬದಲ್ಲಿ ಮುಚ್ಚಿ ಸುಟ್ಟು ಮೇಷ್ಟ್ರೇ ಇದ್ದಿಲು ಮಾಡುತ್ತಿದ್ದರು. ಕಾಗದಕ್ಕೆ ಶಾಲೆಯ ಹಳೇ ಉತ್ತರಪತ್ರಿಕೆಗಳ ಖಾಲಿ ಬೆನ್ನು. ನಿಯಮ ಎರಡೇ. ಲೋಟ ಎತ್ತಿದ ಕೈಯಲ್ಲೇ ಇದ್ದಿಲು ಹಿಡಿಯಬೇಕು. ಬರೆದ ಚಿತ್ರವನ್ನು ನೋಡಿ ಯಾರೂ ಯಾರನ್ನೂ ‘ಏನಿದು’ ಎಂದು ಕೇಳಬಾರದು. ಮುಗಿದ ಮೇಲೆ ಹಾಳೆಗಳನ್ನು ಮುಖ ಗೋಡೆಗೆ ಮಾಡಿ ಒರಗಿಸಿಡುತ್ತಿದ್ದರು.

ಕಾರಣ ಕೇಳದೆ ಒಂದು ಲೋಟ ನೀರನ್ನೂ ಕುಡಿಯದವಳು ನಾನು. ಕಾಲೇಜು ಹಾಸ್ಟೆಲಿನಿಂದ ಊರಿಗೆ ಬಂದಿದ್ದ ಒಂದು ಶನಿವಾರ ಮಧ್ಯಾಹ್ನ ನೆಟ್ಟಗೆ ಮೇಷ್ಟ್ರ ಮನೆಗೆ ಹೋದೆ.

“ಸಾರ್, ಚಿತ್ರ ಬರೆದರೆ ಕುಡಿತ ಬಿಡುತ್ತೆ ಅನ್ನೋದಕ್ಕೆ ಏನು ಆಧಾರ?”

“ಬಾರವ್ವ, ಕುಂತ್ಕ. ಆಧಾರ ಗೀಧಾರ ಎಲ್ಲಿಂದ ತರ್ಲಿ?”

“ಮೂರು ಜನ ಬಿಟ್ಟಿದಾರೆ ಅಂತೀರಿ. ಬಂದು ಓಡಿಹೋದೋರು ಎಷ್ಟು ಜನ?”

“ಭಾಳ ಜನ.”

“ಹಂಗಾದ್ರೆ ಬಿಟ್ಟೋರು ಚಿತ್ರ ಬರೀದಿದ್ರೂ ಬಿಡ್ತಿದ್ರು.”

“ಇದ್ರೂ ಇರಬಹುದು ಕಣಮ್ಮ,” ಎಂದರು ಮೇಷ್ಟ್ರು, ಒಂದಿಷ್ಟೂ ಬಿಸಿಯಾಗದೆ. “ಐದೂವರೆ ಆತು ಅಂದ್ರೆ ಕೈ ನಡಗ್ತತೆ. ಆ ಕೈಗೆ ಏನಾರ ಒಂದು ಕೊಡಬೇಕಲ್ಲ. ನಂಗೆ ಗೊತ್ತಿರೋದು ಅಷ್ಟೇ. ತಡಿ, ಮಜ್ಜಿಗೆ ತರ್ತೀನಿ.”

ಎದುರಾಳಿ ಒಪ್ಪಿಕೊಂಡುಬಿಟ್ಟರೆ ನನಗೆ ಮೈಯೆಲ್ಲ ಉರಿ. ಅವರು ಒಳಗೆ ಹೋದಾಗ ಅಪ್ಪನ ಹಾಳೆಗಳನ್ನು ತಿರುಗಿಸಿದೆ. ಅಪ್ಪ ಬರೆಯುತ್ತಿದ್ದದ್ದು ತಾನೇ ತಿದ್ದಿದ್ದ ಉತ್ತರಪತ್ರಿಕೆಗಳ ಮೇಲೆ. ಅವನ ಕೆಂಪು ಶಾಯಿಯ ಗುರುತು ಸಿಕ್ಕಿತು. ಎಲ್ಲದರಲ್ಲೂ ಒಂದೇ ಚಿತ್ರ. ನಡುವೆ ಡೊಂಕಾದ ಬೊಡ್ಡೆ, ತುದಿಯಲ್ಲಿ ಐದು ಒಣ ಕೊಂಬೆ, ಒಂದು ಎಲೆಯೂ ಇಲ್ಲ. ಏಳು ತಿಂಗಳು ಒಬ್ಬ ಮನುಷ್ಯ ಒಂದೇ ಜಾಲಿಮರ ಬರೆಯುತ್ತ ಕೂತಿದ್ದಾನೆ! ಮೇಲಿನ ಹಾಳೆಯನ್ನು ಮಡಿಸಿ ಜಾಕೀಟಿನೊಳಗೆ ತುರುಕಿಕೊಂಡೆ. ಮಜ್ಜಿಗೆಯನ್ನೂ ಕುಡಿದೇ ಬಂದೆ.

ಎರಡು ವಾರದ ನಂತರ ಚಿತ್ರದುರ್ಗದಲ್ಲಿ ಸ್ಪರ್ಧೆ. ವಿಷಯ: ಮನುಷ್ಯನನ್ನು ತಿದ್ದುವುದು ಕಾನೂನು, ಕಲೆಯಲ್ಲ. ನಾನು ಪರ. ಸಿರಿಗೆರೆಯಿಂದ ಬಂದಿದ್ದ ಹುಡುಗ ವಿರೋಧವಾಗಿ ಮಾತಾಡಿ, ಕಲೆ ಹೃದಯವನ್ನು ಕರಗಿಸುತ್ತದೆ, ಕಲ್ಲನ್ನು ಹೂವಾಗಿಸುತ್ತದೆ ಎಂದು ಒಂದು ಗಾಡಿ ಬೆಣ್ಣೆ ಸುರಿದು ಕೂತ. ಉತ್ತರಕ್ಕೆ ನನಗೆ ಎರಡು ನಿಮಿಷ. ಎದ್ದೆ. ಅಪ್ಪ ಕೊನೆಯ ಬೆಂಚಿನಲ್ಲಿರುವುದು ಆಗಲೇ ಕಂಡದ್ದು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಯಾಕೆಂದರೆ ವಾದ ಚೆನ್ನಾಗಿತ್ತು.

ಹಾಳೆಯನ್ನು ಬಿಚ್ಚಿ ಎತ್ತಿ ಹಿಡಿದೆ. “ಸ್ನೇಹಿತರೇ, ಹೃದಯ ಕರಗಿದ್ದಕ್ಕೆ ಸಾಕ್ಷಿ ಇಲ್ಲಿದೆ. ಒಬ್ಬ ಕುಡುಕ, ಅವನ ಏಳು ತಿಂಗಳ ಕಲಾಸಾಧನೆ. ಕಲ್ಲು ಹೂವಾಗಿಲ್ಲ, ಒಣ ಜಾಲಿಮರವಾಗಿದೆ. ನೆರಳೂ ಇಲ್ಲ, ಹಣ್ಣೂ ಇಲ್ಲ, ಸೌದೆಗಾದರೂ ಆದೀತೇ ಎಂದರೆ ಇದು ಬರೀ ಕಾಗದ. ಇವನ ಕೈ ಕಟ್ಟಿಹಾಕಿರುವುದು ಚಿತ್ರವಲ್ಲ, ಕೆಲಸ ಹೋದೀತೆಂಬ ಭಯ. ಆ ಭಯಕ್ಕೆ ಕಾನೂನು ಎಂದು ಹೆಸರು.”

ಸಭೆ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರೂ ನಕ್ಕರು. ಅಪ್ಪ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಬಹುಮಾನ ನನಗೇ ಬಂತು.

ಗೇಟಿನ ಹತ್ತಿರ ಅಪ್ಪ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ನಿಂತಿದ್ದ. ನನ್ನನ್ನು ಐದು ವರ್ಷದವಳಿದ್ದಾಗ ಸ್ಟೂಲಿನ ಮೇಲೆ ನಿಲ್ಲಿಸಿ ಭಾಷಣ ಕಲಿಸಿದವನು ಅವನೇ. ಈಗಲೂ ಮೇಷ್ಟ್ರ ಹಾಗೆಯೇ ಹೇಳಿದ: “ಚೆನ್ನಾಗಿ ಮಾತಾಡ್ದೆ. ಗಂಟೆ ಹೊಡೆಯೋಕೆ ಮುಂಚೆ ಮುಗ್ಸಿದ್ದು ಇನ್ನೂ ಚೆನ್ನಾಗಿತ್ತು.”

“ಬೇಜಾರಾಯ್ತೇನಪ್ಪ?”

“ಜಾಲಿಮರ ಅಂದ್ಯಲ್ಲ.”

“ಅಲ್ವಾ ಮತ್ತೆ? ಏನದು?”

ಅಪ್ಪ ಪೊಟ್ಟಣವನ್ನು ನನ್ನ ಕೈಗಿಟ್ಟ. “ನೀನು ಅಂದ ಮ್ಯಾಲೆ ಅದೇ ಇರಬೇಕು ಬಿಡು. ಬಸ್ ಹೊತ್ತಾತು.”

ಆ ಸಂಜೆ ಅವನು ಜಗುಲಿಗೆ ಹೋಗಲಿಲ್ಲ. ಮರುದಿನವೂ ಇಲ್ಲ. ಐದನೆಯ ದಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಕೆಳಗೆ ಬಿದ್ದಿದ್ದ. ಬಿಳಿ ಅಂಗಿ ಅದೇ. ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡಿದ್ದರಂತೆ. ಸಾಹೇಬರಿಗೆ ಒಬ್ಬ ಹೇಳಿದ್ದರೆ ಸಾಕಿತ್ತು. ಹತ್ತು ಜನ ಹೇಳಿದರು.

ದಸರಾ ರಜಕ್ಕೆ ನಾನು ಮನೆಗೆ ಬಂದಾಗ ಅಪ್ಪ ಒಳಗಿನ ಕೋಣೆಯಲ್ಲಿ ಮುಸುಕೆಳೆದು ಮಲಗಿದ್ದ. ಅವ್ವನಿಗೆ ನಾನೇ ಮೊದಲು ಹೇಳಿದೆ, ಯಾರಾದರೂ ಹೇಳುವ ಮುಂಚೆ ನನ್ನ ಪಕ್ಷ ಮಂಡಿಸಿಬಿಡೋಣವೆಂದು. “ನಾನು ಮಾತಾಡಿದ ಮೇಲೆ ಅವನು ಕುಡಿದ, ನಿಜ. ಅದಾದ ಮೇಲೆ ಇದಾಯ್ತು ಅಂದ ಮಾತ್ರಕ್ಕೆ ಅದರಿಂದಲೇ ಇದಾಯ್ತು ಅನ್ನೋಕಾಗಲ್ಲ ಅವ್ವ. ಅದು ತರ್ಕದೋಷ.”

ಅವ್ವ ಮುದ್ದೆಗೆ ಹಿಟ್ಟು ಹಾಕುತ್ತಿದ್ದಳು. “ಅದೇನ್ ಹಿಡ್ಕಂಡು ಮಾತಾಡಿದ್ಯೋ, ತೋರ್ಸು.”

ಫೈಲಿನಿಂದ ಹಾಳೆ ತೆಗೆದುಕೊಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಜಾಸ್ತಿ ಹೊತ್ತೇನೂ ನೋಡಲಿಲ್ಲ. ಆಮೇಲೆ ಸೆರಗು ಸರಿಸಿ ತನ್ನ ಬಲಗೈಯನ್ನು ಚಿತ್ರದ ಪಕ್ಕಕ್ಕೆ ಚಾಚಿದಳು.

“ನನ್ನ ಕೈ ಅಲ್ವೇನೇ ಇದು? ನೋಡು, ಬಳೆ ಬರ್ದಿಲ್ಲ. ಈ ಕೈಗೆ ಬಳೆ ಏರಲ್ಲ ಅಂತ ಅವರ್ಗೆ ಗೊತ್ತೈತೆ.”

ಡೊಂಕು ಅದೇ ಜಾಗದಲ್ಲಿತ್ತು. ಐದು ಕೊಂಬೆ, ಐದು ಬೆರಳು. ಮುರಿದ ದಿನ ಆ ಕೈಯನ್ನು ಬಸ್ಸಿನಲ್ಲಿ ಬಾಗೂರಿನ ತನಕ ನನ್ನ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದವಳು ನಾನು.

“ಅಲ್ಲಿ ಎಲ್ರಿಗೂ ತೋರ್ಸಿದ್ಯಾ?”

“ತೋರ್ಸಿದೆ.”

“ಏನಂದ್ರು?”

“ನಕ್ಕರು.”

ಅವ್ವ ಹಾಳೆಯನ್ನು ನನಗೆ ವಾಪಸು ಕೊಟ್ಟು, ಮುದ್ದೆಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವತೊಡಗಿದಳು. “ಎಲ್ಲಿತ್ತೋ ಅಲ್ಲೇ ಇಟ್ಟು ಬಾ,” ಎಂದಳು. ನನ್ನ ಮುಖ ನೋಡಲಿಲ್ಲ.

ಇದನ್ನು ಬರೆಯುವಾಗಲೂ ಚಿತ್ರ ಬರೆದರೆ ಕುಡಿತ ಬಿಡುತ್ತದೆ ಎಂದು ನಾನು ನಂಬುವುದಿಲ್ಲ. ಮೇಷ್ಟ್ರ ಜಗುಲಿಯಿಂದ ಓಡಿಹೋದವರು ‘ಭಾಳ ಜನ’ ಎನ್ನುವುದು ಈಗಲೂ ನಿಜ. ಆದರೆ ಅಪ್ಪ ಓಡಿಹೋದವನಲ್ಲ. ಅವನನ್ನು ಓಡಿಸಿದ್ದು ಯಾರೆಂಬುದಕ್ಕೆ ಆಧಾರ ಬೇಕಾದವರು ಆ ದಿನ ಸಭೆಯಲ್ಲಿದ್ದವರನ್ನು ಕೇಳಬಹುದು.

ಅಂದು ಸಂಜೆ ಐದೂವರೆಗೆ ಜಗುಲಿಗೆ ಹೋದೆ. ಡ್ರೈವರು, ದರ್ಜಿ ತಲೆ ಬಗ್ಗಿಸಿ ಬರೆಯುತ್ತಿದ್ದರು. ಅಪ್ಪನ ಜಾಗದಲ್ಲಿ ಒಂದು ತುಂಡು ಇದ್ದಿಲು ಇತ್ತು.

“ಬಂದ್ಲು ನೋಡ್ರಪ್ಪ ಲಾಯರಮ್ಮ,” ಎಂದ ಡ್ರೈವರು. “ಇವತ್ತು ಯಾರದ್ದು ಒಯ್ಯಾಕೆ ಬಂದಿಯವ್ವ?”

“ಸುಮ್ನಿರೋ,” ಎಂದರು ಮೇಷ್ಟ್ರು.

ನಾನು ಹಾಳೆಯನ್ನು ಚಾಚಿದೆ. ಅವರು ಮಡಿಕೆಗಳನ್ನು ಅಂಗೈಯಲ್ಲಿ ಉಜ್ಜಿ ನೇರ ಮಾಡಿದರು, ಮುಖ ಗೋಡೆಗೆ ಮಾಡಿ ಉಳಿದವುಗಳ ಜೊತೆ ಒರಗಿಸಿದರು. ನಾನು ನಿಂತೇ ಇದ್ದೆ. ಏನಿದು ಎಂದು ಅವರು ಒಂದು ಸಲ ಕೇಳಲಿ ಎಂದು ನಿಂತಿದ್ದೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವರು ಕೇಳಲಿಲ್ಲ. ಅಲ್ಲಿ ಯಾರೂ ಕೇಳುವ ಹಾಗಿರಲಿಲ್ಲ.