ಮೂಲೆಯಲ್ಲಿದ್ದ ಹೆಸರು

ರಾಮದೇವರ ಬೆಟ್ಟದಲ್ಲಿ ರಣಹದ್ದು ತಲೆಯ ಮೇಲೇ ಹಾರಿದಾಗ ಶಂಭುಲಿಂಗ ನಲವತ್ತು ಸಲ ಕ್ಲಿಕ್ಕಿಸಿದ. ಮೆಮೊರಿ ಕಾರ್ಡು ಮಾತ್ರ ಮನೆಯ ಕಂಪ್ಯೂಟರಿನಲ್ಲೇ ಉಳಿದಿತ್ತು. ಆ ನಗೆಪಾಟಲನ್ನು ಅವನು ಮರೆತಾನು, ಫೋಟೊ ಕದಿಯುವವರನ್ನು ಮರೆಯಲಾರ. ಮೊಳದುದ್ದದ ಲೆನ್ಸು ಹೊತ್ತು ತೆಗೆದ ಚಿತ್ರಗಳು ರಾಮನಗರದ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಶುಭೋದಯ ಹೇಳುತ್ತ ತಿರುಗುತ್ತವೆ, ಮೂಲೆಯಲ್ಲಿದ್ದ ಅವನ ಹೆಸರನ್ನು ಮಾತ್ರ ಯಾರೋ ಕತ್ತರಿಸಿರುತ್ತಾರೆ. "ನನ್ ಹೆಸ್ರು ಕತ್ತರ್ಸಕ್ಕೆ ಇವ್ರ್ಯಾರ್ಲಾ?" ಎಂದು ಗೆಳೆಯ ಕೆಂಪರಾಜುವಿನ ಮೇಲೆ ಎಗರಾಡುತ್ತಾನೆ, ಯಾವುದಾದರೂ ಫ್ಲೆಕ್ಸಿನಲ್ಲಿ ತಾನು ಹಿಂದೆಂದೋ ತೆಗೆದ ಹದ್ದು ಕಂಡರೆ ಬಸ್ಸಿಳಿದು ಜಗಳಕ್ಕೆ ನಿಲ್ಲುತ್ತಾನೆ. ಮೊನ್ನೆ ಮಾತ್ರ, ತೀರಿಕೊಂಡ ತನ್ನ ಅವ್ವನದೆಂದು ಉಳಿದಿರುವ ಒಂದೇ ಒಂದು ಹಳೆಯ ಫೋಟೊವನ್ನು ತಾನೇ ಸ್ಕ್ಯಾನ್ ಮಾಡಿ, ಮೆತ್ತಗೆ ಗೆಳೆಯನ ಮುಂದಿಟ್ಟ. ಕೆಂಪರಾಜು ನೋಡುತ್ತಲೇ ಕೂತ. "ಮುಖದ್ ಮ್ಯಾಲೆ ಎಂಥಾ ಬೆಳಕ್ಲಾ. ಯಾರ್ ತೆಗ್ದಿದ್ದು?" "ಕೆಳಗಡೆ ಸ್ಟುಡಿಯೋ ಹೆಸ್ರಿತ್ತು ಕಣ್ಲಾ. ಒಸಿ ಅಂದ ಕೆಡ್ತಿತ್ತು, ಕತ್ತರ್ಸ್‌ಬುಟ್ಟೆ."