ಆರನೇ ಅಂಕಣ

ಗೆಳೆಯರೇ, ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವವನು ನಾನು. ಕಾಗದ ನೋಡದೆ ಯಾರ ಹೊಸ್ತಿಲೂ ದಾಟುವುದಿಲ್ಲ. ಇವತ್ತು ಬನಹಟ್ಟಿಯಲ್ಲಿ ನೇಕಾರರೊಬ್ಬರು ಮಾರಲಿಟ್ಟ ಮನೆಗೆ ಹೋಗಿದ್ದೆ. ಉತಾರ, ಖರೀದಿ ಪತ್ರ ಎಲ್ಲ ಸರಿಯಿದೆ ಎಂದು ಜಮಖಂಡಿಯ ವಕೀಲರು ಹೇಳಿದ್ದರು. ಪತ್ರದಲ್ಲಿ ‘ಐದು ಅಂಕಣದ ಮನೆ’ ಎಂದಿತ್ತು. ಓದಿದ್ದೆ, ಕಂಬದಿಂದ ಕಂಬಕ್ಕೆ ಒಂದೊಂದು ಅಂಕಣವೆಂದು ನಿಂತು ಎಣಿಸಿರಲಿಲ್ಲ.

ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ಹೇಳಿದರು: “ಐದು ಅಂಕಣ ಅವರದು. ಹಿಂದಿನ ಆರನೇದು ನಮ್ಮದರಿ. ಇವರ ಮಗ್ಗಕ್ಕ ಜಾಗಾ ಸಾಲವಲ್ದು ಅಂತ ನಮ್ಮತ್ತಿ ಬಿಟ್ಟುಕೊಟ್ಟಿದ್ರು. ಮಗ್ಗ ನಡಿಯೂತನಕ.”

ಎಣಿಸಿದೆ. ಆರು.

“ಇದಕ್ಕ ಕಾಗದ ಏನರ ಐತೇನ್ರಿ?” ಎಂದೆ.

“ಇಲ್ಲರಿ.”

ಮನೆ ಮಾರುತ್ತಿದ್ದ ನೇಕಾರರು ಅಜ್ಜಿಯ ಮಾತನ್ನು ಸುಳ್ಳು ಎಂದುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಅವರು ನೆಲದಲ್ಲಿ ಮಗ್ಗ ಕೂರಿಸಿದ್ದ ಖಾಲಿ ಕುಣಿ ನೋಡುತ್ತ, “ಖರೆ ಐತ್ರಿ. ಹೋದ ತಿಂಗಳ ಮಗ್ಗ ತಗದ್ವಿ. ಇನ್ನ ಅವರದ ಅವರಿಗೆ. ಪತ್ರದಾಗ ಐದು ಅಂತ ಐತಲ್ರಿ, ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ” ಎಂದರು.

ಅತ್ತೆಯ ಕಾಲದ ಒಂದು ಮಾತು, ಒಂದು ಸಹಿಯೂ ಇಲ್ಲದೆ, ಕಂಬದ ಹಾಗೆ ನಿಂತಿತ್ತು.

ಅಷ್ಟರಲ್ಲಿ ಅಜ್ಜಿ ನನ್ನ ಕಡೆ ತಿರುಗಿದರು. “ನೀವು ನೇಯ್ತೀರೇನ್ರಿ? ನೇಯ್ತಿದ್ರ ನೀವ ಇಟ್ಕೋರಿ.”

ಇಷ್ಟು ವರ್ಷ ಎಲ್ಲರ ದಾಖಲೆ ಕೇಳಿದವನು ನಾನು. ಇವತ್ತು ಮೊದಲ ಸಲ ನನ್ನದನ್ನು ಕೇಳಿದರು. ತೋರಿಸಲು ಏನೂ ಇರಲಿಲ್ಲ.